ಬ್ಯಾಟರಿಯ ಬಿಸಿಗೂ ಒಂದು ಜಮಾ-ಖರ್ಚು

ಮೊಬೈಲ್ ಫೋನನ್ನು ಚಾರ್ಜಿಗೆ ಹಾಕಿ ಅದರಲ್ಲೇ ಆಟ ಆಡುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದರ ಬೆನ್ನು ಬೆಚ್ಚಗಾಗುವುದನ್ನು ನೀವೆಲ್ಲರೂ ಗಮನಿಸಿರುತ್ತೀರಿ. ಅದೇ ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿರುವಾಗ ತಣ್ಣಗಿರುತ್ತದೆ. ಈ ಬಿಸಿ ಎಲ್ಲಿಂದ ಬರುತ್ತದೆ? ಎಲ್ಲಿಗೆ ಹೋಗುತ್ತದೆ? ಎಷ್ಟು ಬಿಸಿಯಾದರೆ ಅಪಾಯ? ಫೋನಿನ ಮಟ್ಟಿಗೆ ಇದು ಸಣ್ಣ ವಿಷಯ ಎನಿಸಬಹುದು. ಆದರೆ ಇದೇ ಜಾತಿಯ ಬ್ಯಾಟರಿಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟುಗೂಡಿ ಕಾರು, ಬಸ್ಸು, ರೈಲುಗಳನ್ನು ಓಡಿಸುವಾಗ ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಂಡಿರಬೇಕಾಗುತ್ತದೆ. ಬ್ಯಾಟರಿ ಯಾವಾಗ, ಎಲ್ಲಿ, ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಗಣಿತದ ಮೂಲಕ ಮುಂಚಿತವಾಗಿ ಹೇಳುವ ಲೆಕ್ಕಕ್ಕೆ ಉಷ್ಣ ಮಾದರಿ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಒಳಗಿನ ತಿರುಳು ಮನೆಯ ಜಮಾ-ಖರ್ಚಿನ ಪುಸ್ತಕದಷ್ಟೇ ಸರಳ. ನಾವಿರುವ ಐರ್ಲೆಂಡಿನ ರೈಲುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ತಿಳಿದುಕೊಳ್ಳೋಣ.

ಡಬ್ಲಿನ್ನಿನ ಹಳೆಯ ಬ್ಯಾಟರಿ ರೈಲು

ಬ್ಯಾಟರಿಯಿಂದ ಓಡುವ ರೈಲು ಇಂದಿನ ಹೊಸ ಆವಿಷ್ಕಾರ ಎಂದು ಹಲವರು ಭಾವಿಸುತ್ತಾರೆ. ನಿಜವೆಂದರೆ, 1932ರಲ್ಲೇ ಡಬ್ಲಿನ್ ಮತ್ತು ಬ್ರೇ ನಡುವೆ ಅಂತಹ ರೈಲು ಪ್ರಯಾಣಿಕರನ್ನು ಹೊತ್ತು ಓಡುತ್ತಿತ್ತು. ಅದರ ಬ್ಯಾಟರಿಯನ್ನು ರೂಪಿಸಿದವರು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧನೆ ನಡೆಸಿದ ರಸಾಯನಶಾಸ್ತ್ರಜ್ಞ ಡಾ. ಜೇಮ್ಸ್ ಡ್ರಮ್. ಅದು ಲಿಥಿಯಂ ಬ್ಯಾಟರಿ ಅಲ್ಲ. ನಿಕ್ಕಲ್ ಮತ್ತು ಸತುವಿನ ಬ್ಯಾಟರಿ. ಶ್ಯಾನನ್ ನದಿಯ ನೀರಿನಿಂದ ಅರ್ಡ್ನಕ್ರಷಾದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿದ್ದು 1929ರಲ್ಲಿ. ಹೊರದೇಶದಿಂದ ಕಲ್ಲಿದ್ದಲು ತರಿಸುವ ಬದಲು ಸ್ವಂತ ನಾಡಿನ ವಿದ್ಯುತ್ತಿನಿಂದ ರೈಲು ಓಡಲಿ ಎಂಬುದು ಅಂದಿನವರ ಆಸೆಯಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲಿಗೆ ಅಭಾವ ಉಂಟಾದಾಗಲೂ ಡ್ರಮ್ ರೈಲುಗಳು ಓಡಿದವು. 1949ರಲ್ಲಿ ಅವುಗಳ ಬ್ಯಾಟರಿ ಸೇವೆ ನಿಂತಿತು. ಅದೇ ಮಾರ್ಗದಲ್ಲಿ ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಡಾರ್ಟ್ ರೈಲು ಬಂದದ್ದು 1984ರಲ್ಲಿ.

ಡ್ರಮ್ ಅವರ ಬ್ಯಾಟರಿಯ ಹೆಚ್ಚುಗಾರಿಕೆ ಏನು? ಅದು ಬೇಗ ಚಾರ್ಜ್ ಆಗುತ್ತಿತ್ತು, ಬೇಕಾದಾಗ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡುತ್ತಿತ್ತು. ನಿಲ್ದಾಣದಿಂದ ನಿಲ್ದಾಣಕ್ಕೆ ನಿಂತು ನಿಂತು ಸಾಗುವ ರೈಲಿಗೆ ಬೇಕಾದ ಗುಣ ಇದೇ.

ಈಗ ಬ್ಯಾಟರಿ ರೈಲು ಮತ್ತೆ ಬರುವ ಕಾಲ ಕೂಡಿಬಂದಿದೆ. 2021ರ ಡಿಸೆಂಬರಿನಲ್ಲಿ ಐರಿಷ್ ರೈಲು ಸಂಸ್ಥೆ ಆಲ್ಸ್ಟಮ್ ಕಂಪನಿಗೆ ಮೊದಲ ಹಂತದಲ್ಲಿ 95 ಬೋಗಿಗಳನ್ನು ತಯಾರಿಸಲು ಹೇಳಿತು. ಅವುಗಳಲ್ಲಿ 65 ಬೋಗಿಗಳು ಲಿಥಿಯಂ ಅಯಾನ್ ಬ್ಯಾಟರಿ ಹೊತ್ತ ರೈಲುಗಳಿಗೆ ಸೇರಿದವು. ಉತ್ತರ ದಿಕ್ಕಿನಲ್ಲಿ ಡಾರ್ಟಿನ ತಂತಿ ಮ್ಯಾಲಹೈಡ್‌ಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಡೊನಬೇಟ್, ರಷ್ ಮತ್ತು ಲಸ್ಕ್, ಸ್ಕೆರೀಸ್, ಬಾಲ್‌ಬ್ರಿಗನ್, ಗಾರ್ಮನ್‌ಸ್ಟನ್, ಲೇಟೌನ್ ದಾಟಿ ಡ್ರಾಹಡದವರೆಗೆ ಬ್ಯಾಟರಿಯ ಬಲದಿಂದಲೇ ಸಾಗಬೇಕು ಎಂಬುದು ಯೋಜನೆ. ಈ ದಾರಿಯಲ್ಲಿ ಬ್ಯಾಟರಿಯ ಪಾಡು ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ನಿಲ್ದಾಣದಿಂದ ಹೊರಡುವಾಗ ಭಾರಿ ವಿದ್ಯುತ್ ಪ್ರವಾಹ ಹೊರಹೋಗಬೇಕು. ವೇಗ ಬಂದ ಮೇಲೆ ಸ್ವಲ್ಪವೇ ಸಾಕು. ಬ್ರೇಕ್ ಹಾಕಿದಾಗ ಮೋಟಾರು ಜನರೇಟರಿನಂತೆ ತಿರುಗಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಕೊನೆಯ ನಿಲ್ದಾಣದಲ್ಲಿ ವೇಗದ ಚಾರ್ಜಿಂಗ್. ಹೊರಗೆ ಒಂದು ದಿನ ಬಿಸಿಲು, ಇನ್ನೊಂದು ದಿನ ಮಂಜು. ಒಂದು ನಿಮಿಷ ಇದ್ದ ಸ್ಥಿತಿ ಮರುನಿಮಿಷ ಇರುವುದಿಲ್ಲ. ಹೀಗೆ ಬದಲಾಗುತ್ತಲೇ ಇರುವ ಸ್ಥಿತಿಯಲ್ಲಿ ಬಿಸಿಯ ಲೆಕ್ಕ ಇಡುವುದೇ ನಮ್ಮ ವಿಷಯ.

ಬಿಸಿ ಹುಟ್ಟುವುದು ಎಲ್ಲಿ?

ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡೆನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಇದರ ಪ್ರತಿಯೊಂದು ಸೆಲ್ಲಿನಲ್ಲಿ ಎರಡು ವಿದ್ಯುದಗ್ರಗಳು, ಅವುಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪರದೆ ಮತ್ತು ಒಂದು ದ್ರಾವಣ ಇರುತ್ತವೆ. ಬಳಸುವಾಗ ಲಿಥಿಯಂ ಅಯಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತವೆ. ಚಾರ್ಜ್ ಮಾಡುವಾಗ ಮರಳಿ ಬರುತ್ತವೆ.

ಸಂತೆಯ ದಿನ ಇಕ್ಕಟ್ಟಾದ ಬೀದಿಯಲ್ಲಿ ನಡೆಯುವವರಿಗೆ ಅಡಚಣೆ ಆಗುವಂತೆ, ಸೆಲ್ಲಿನ ಒಳಗೆ ಈ ಸಂಚಾರಕ್ಕೂ ಅಡ್ಡಿ ಇರುತ್ತದೆ. ಇದನ್ನೇ ಒಳರೋಧ ಎನ್ನುತ್ತಾರೆ. ಈ ಅಡ್ಡಿಯನ್ನು ಮೀರಿ ಸಾಗುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಮಾರ್ಪಡುತ್ತದೆ. ಹೀಗೆ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಜೇಮ್ಸ್ ಜೂಲ್ 1840ರ ದಶಕದ ಆರಂಭದಲ್ಲೇ ತೋರಿಸಿದ್ದರು. ಅಂದರೆ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದಲ್ಲದೆ ರಾಸಾಯನಿಕ ಕ್ರಿಯೆಯಿಂದಲೂ ಸ್ವಲ್ಪ ಶಾಖ ಹುಟ್ಟುವುದುಂಟು. ಕೆಲವು ವೇಳೆ ಅದು ಶಾಖವನ್ನು ಹೀರಿಕೊಂಡು ಸೆಲ್ಲನ್ನು ತುಸು ತಂಪಾಗಿಸುವುದೂ ಉಂಟು. ಈ ಎಲ್ಲ ಬಗೆಯ ಶಾಖಗಳನ್ನೂ ಒಂದೇ ಸಮೀಕರಣದಲ್ಲಿ ಸೇರಿಸಿ 1985ರಲ್ಲಿ ಬರ್ನಾರ್ಡಿ, ಪಾವ್ಲಿಕೋವ್‌ಸ್ಕಿ ಮತ್ತು ನ್ಯೂಮನ್ ಎಂಬ ಸಂಶೋಧಕರು ಪ್ರಕಟಿಸಿದರು. ಬ್ಯಾಟರಿಗಳ ಉಷ್ಣ ಮಾದರಿ ರಚಿಸುವವರು ಇಂದಿಗೂ ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ.

ಆದಾಯ, ವೆಚ್ಚ, ಉಳಿತಾಯ

ಈಗ ಜಮಾ-ಖರ್ಚಿನ ಪುಸ್ತಕ ತೆರೆಯೋಣ. ಸೆಲ್ಲಿನ ಒಳಗೆ ಹುಟ್ಟುವ ಬಿಸಿ ಆದಾಯ. ಸುತ್ತಲಿನ ಗಾಳಿಗೋ ತಂಪು ನೀರಿನ ಕೊಳವೆಗೋ ಹೋಗುವ ಬಿಸಿ ವೆಚ್ಚ. ಇವೆರಡರ ವ್ಯತ್ಯಾಸ ಸೆಲ್ಲಿನಲ್ಲೇ ಉಳಿದು ಅದರ ತಾಪಮಾನವನ್ನು ಏರಿಸುತ್ತದೆ, ಅದು ಉಳಿತಾಯ. ಮನೆಯಲ್ಲಿ ಉಳಿತಾಯ ಹೆಚ್ಚಿದರೆ ಸಂತೋಷ, ಬ್ಯಾಟರಿಯಲ್ಲಿ ಹೆಚ್ಚಿದರೆ ಚಿಂತೆ. ವ್ಯತ್ಯಾಸ ಇಷ್ಟೇ!

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಕಾಲ್ಪನಿಕ ಸೆಲ್ಲನ್ನು ತೆಗೆದುಕೊಳ್ಳೋಣ. ತೂಕ 1 ಕಿಲೋಗ್ರಾಂ. ಅದನ್ನು 1 ಡಿಗ್ರಿ ಬಿಸಿ ಮಾಡಲು 1,000 ಜೂಲ್ ಶಾಖ ಬೇಕು. ಒಳರೋಧ 0.002 ಓಮ್. ಸುತ್ತಲಿನ ಗಾಳಿಗಿಂತ ಸೆಲ್ಲು ಎಷ್ಟು ಡಿಗ್ರಿ ಹೆಚ್ಚು ಬಿಸಿ ಇದೆಯೋ ಅಷ್ಟು ವ್ಯಾಟ್ ಶಾಖ ಹೊರಹೋಗುತ್ತದೆ ಎಂದಿಟ್ಟುಕೊಳ್ಳೋಣ. ಬಿಸಿ ವಸ್ತು ಮತ್ತು ಸುತ್ತಲಿನ ತಾಪಮಾನದ ಅಂತರ ಹೆಚ್ಚಿದಷ್ಟೂ ಅದು ಬೇಗ ಬೇಗ ಬಿಸಿ ಕಳೆದುಕೊಳ್ಳುತ್ತದೆ ಎಂಬ ನ್ಯೂಟನ್ನನ ನಿಯಮ ಇದೇ.

ಈ ಸೆಲ್ಲಿನಿಂದ 100 ಆಂಪಿಯರ್ ಪ್ರವಾಹ ತೆಗೆದರೆ ಆದಾಯ ಎಷ್ಟು? 100ರ ವರ್ಗ 10,000, ಅದನ್ನು 0.002ರಿಂದ ಗುಣಿಸಿದರೆ 20 ವ್ಯಾಟ್. ಒಂದು ನಿಮಿಷದಲ್ಲಿ 1,200 ಜೂಲ್. ಆರಂಭದಲ್ಲಿ ಸೆಲ್ಲು ಮತ್ತು ಗಾಳಿ ಎರಡೂ 15 ಡಿಗ್ರಿಯಲ್ಲಿದ್ದರೆ ವೆಚ್ಚ ಸೊನ್ನೆ. ಆದ್ದರಿಂದ ಮೊದಲ ನಿಮಿಷದ ಕೊನೆಗೆ ತಾಪಮಾನ 16.2 ಡಿಗ್ರಿ. ಎರಡನೆಯ ನಿಮಿಷದಲ್ಲಿ ಅಂತರ 1.2 ಡಿಗ್ರಿ ಇರುವುದರಿಂದ 1.2 ವ್ಯಾಟ್ ಖರ್ಚಾಗಿ 18.8 ವ್ಯಾಟ್ ಉಳಿಯುತ್ತದೆ. ತಾಪಮಾನ ಸುಮಾರು 17.3. ಮೂರನೆಯ ನಿಮಿಷಕ್ಕೆ ಸುಮಾರು 18.4. ಏರಿಕೆ ನಿಧಾನವಾಗುತ್ತಾ ಬರುವುದನ್ನು ಗಮನಿಸಿ. ಗಾಳಿಗಿಂತ 20 ಡಿಗ್ರಿ ಹೆಚ್ಚಾದಾಗ, ಅಂದರೆ 35 ಡಿಗ್ರಿಗೆ ಬಂದಾಗ, ಆದಾಯ ವೆಚ್ಚ ಎರಡೂ 20 ವ್ಯಾಟ್. ಉಳಿತಾಯವಿಲ್ಲ. ತಾಪಮಾನ ಅಲ್ಲೇ ನಿಲ್ಲುತ್ತದೆ.

ನೀವು ಈಗ ಮಾಡಿದ್ದು ಒಂದು ಉಷ್ಣ ಮಾದರಿಯನ್ನೇ. ಎಂಜಿನಿಯರುಗಳ ಕಂಪ್ಯೂಟರ್ ಕೂಡ ಇದನ್ನೇ ಮಾಡುತ್ತದೆ. ಆದರೆ ನಿಮಿಷಕ್ಕೊಮ್ಮೆ ಅಲ್ಲ, ಸೆಕೆಂಡಿಗೆ ಹಲವು ಸಲ.

ಸರಾಸರಿಯನ್ನು ನಂಬಬೇಡಿ

ಇಷ್ಟು ಹೊತ್ತು ಪ್ರವಾಹ ಒಂದೇ ಸಮನೆ ಇತ್ತು. ರೈಲಿನಲ್ಲಿ ಹಾಗಿರುವುದಿಲ್ಲವಲ್ಲ! ಒಂದು ನಿಮಿಷ 200 ಆಂಪಿಯರ್, ಮುಂದಿನ ನಿಮಿಷ ಸೊನ್ನೆ, ಮತ್ತೆ 200, ಮತ್ತೆ ಸೊನ್ನೆ ಎಂದು ನಡೆದರೆ ಏನಾಗುತ್ತದೆ? ಸರಾಸರಿ ಪ್ರವಾಹ ಆಗಲೂ 100 ಆಂಪಿಯರೇ. ಆದ್ದರಿಂದ ಬಿಸಿಯೂ ಅಷ್ಟೇ ಎಂದು ಹೇಳಲು ನಾಲಿಗೆಯ ತುದಿಗೆ ಬರುತ್ತದೆ. ಲೆಕ್ಕ ಹಾಕಿ ನೋಡಿ. 200ರ ವರ್ಗ 40,000. ಆದಾಯ 80 ವ್ಯಾಟ್. ಇನ್ನರ್ಧ ಸಮಯ ಸೊನ್ನೆ. ಸರಾಸರಿ 40 ವ್ಯಾಟ್, ಅಂದರೆ ಮೊದಲಿನ ಎರಡರಷ್ಟು! ತಾಪಮಾನ ಈಗ 35ಕ್ಕೆ ನಿಲ್ಲುವುದಿಲ್ಲ. ಎರಡು ಮೂರು ಡಿಗ್ರಿ ಮೇಲೆ ಕೆಳಗೆ ಆಡುತ್ತಾ 55ರ ಆಸುಪಾಸಿಗೆ ಹೋಗುತ್ತದೆ.

ಬ್ರೇಕ್ ಹಾಕಿದಾಗ ವಿದ್ಯುತ್ ಮರಳುವುದನ್ನೂ ಸೇರಿಸಿದರೆ ವಿಷಯ ಇನ್ನೂ ಸ್ವಾರಸ್ಯಕರ. ಒಂದು ನಿಮಿಷ 200 ಆಂಪಿಯರ್ ಹೊರಗೆ ಹೋಗಿ, ಮುಂದಿನ ನಿಮಿಷ 150 ಆಂಪಿಯರ್ ಒಳಗೆ ಬಂತು ಎನ್ನೋಣ. ಕೂಡಿ ಕಳೆದರೆ ಸರಾಸರಿ ಬರೀ 25 ಆಂಪಿಯರ್. ಅದನ್ನೇ ನಂಬಿದರೆ ಬಿಸಿ ಕೇವಲ 1.25 ವ್ಯಾಟ್. ವಾಸ್ತವದಲ್ಲಿ ಹೋಗುವಾಗ 80 ವ್ಯಾಟ್, ಬರುವಾಗ 45 ವ್ಯಾಟ್, ಸರಾಸರಿ 62.5 ವ್ಯಾಟ್. ಐವತ್ತು ಪಟ್ಟು ವ್ಯತ್ಯಾಸ! ಅಯಾನುಗಳು ಆಚೆ ಹೋದರೂ ಈಚೆ ಬಂದರೂ ದಾರಿಯ ಅಡ್ಡಿ ಅದೇ ತಾನೇ. ಋಣಸಂಖ್ಯೆಯ ವರ್ಗವೂ ಧನವೇ ಎಂದು ಗಣಿತದ ತರಗತಿಯಲ್ಲಿ ಕಲಿತದ್ದರ ಅರ್ಥ ಇಲ್ಲಿ ಕೈಗೆ ತಾಗುವಷ್ಟು ಬಿಸಿಯಾಗಿ ಕಾಣುತ್ತದೆ.

ಬದಲಾಗುವ ಸ್ಥಿತಿಗೆ ಬೇರೆಯೇ ಮಾದರಿ ಏಕೆ ಬೇಕು ಎಂಬುದಕ್ಕೆ ಉತ್ತರ ಇದೇ. ಒಂದೇ ವೇಗದಲ್ಲಿ ಪರೀಕ್ಷೆ ಮಾಡಿ ಪಾಸಾದ ಬ್ಯಾಟರಿ, ನಿಂತು ಹೊರಡುವ ದಾರಿಯಲ್ಲಿ ಫೇಲಾಗಬಹುದು. ಒಳರೋಧ ಕಡಿಮೆ ಇರುವ ಬ್ಯಾಟರಿ ಇಂತಹ ದಾರಿಗೆ ಏಕೆ ಮೇಲು ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ.

ರಾಯಚೂರಿನ ಮೇ, ಮೇಯೋದ ಡಿಸೆಂಬರ್

ಇನ್ನು ಹವೆಯ ಪಾತ್ರ. ನಮ್ಮ ಲೆಕ್ಕದ ಸೆಲ್ಲು ಡಬ್ಲಿನ್ನಿನ 15 ಡಿಗ್ರಿಯಲ್ಲಿ ನಿಂತು ಹೊರಡುವ ಓಟದಿಂದ 55ಕ್ಕೆ ಏರಿತಲ್ಲವೇ? ಅದನ್ನೇ ಮೇ ತಿಂಗಳ ರಾಯಚೂರಿಗೆ ಒಯ್ಯಿರಿ. ಅಲ್ಲಿ ಗಾಳಿಯೇ 40 ಡಿಗ್ರಿ. ಸೆಲ್ಲು 80 ಡಿಗ್ರಿಗೆ ಹೋಗುತ್ತದೆ. ಅದೇ ಸೆಲ್ಲು, ಅದೇ ಓಟ. ಒಂದು ಕಡೆ ಹೇಗೋ ಸುಧಾರಿಸಬಹುದು, ಇನ್ನೊಂದು ಕಡೆ ಅಪಾಯದ ಅಂಚು. ಬಹುತೇಕ ಲಿಥಿಯಂ ಬ್ಯಾಟರಿಗಳಿಗೆ ಹಿತವೆನಿಸುವುದು ನಮಗೆ ನಿಮಗೆ ಹಿತವೆನಿಸುವ ಹವೆಯೇ: ಸುಮಾರು 15ರಿಂದ 35 ಡಿಗ್ರಿ. ಅದಕ್ಕಿಂತ ಬಿಸಿಯಲ್ಲಿ ದಿನಗಟ್ಟಲೆ ಇದ್ದರೆ ಬೆಂಕಿ ಹತ್ತದಿದ್ದರೂ ಬ್ಯಾಟರಿಗೆ ಬೇಗ ಮುಪ್ಪು ಬರುತ್ತದೆ. ಹೀಗಾಗಿ ಬಿಸಿ ನಾಡಿನಲ್ಲಿ ಗಾಳಿಯನ್ನಷ್ಟೇ ನೆಚ್ಚದೆ, ಸೆಲ್ಲುಗಳ ನಡುವೆ ತಂಪು ದ್ರವ ಹರಿಸಿ ವೆಚ್ಚವನ್ನು ಬಲವಂತವಾಗಿ ಹೆಚ್ಚಿಸುವ ವ್ಯವಸ್ಥೆ ಬೇಕಾಗುತ್ತದೆ.

ಹಾಗಾದರೆ ತಣ್ಣನೆಯ ಐರ್ಲೆಂಡಿನಲ್ಲಿ ತೊಂದರೆಯೇ ಇಲ್ಲವೇ? ಇದೆ, ಆದರೆ ಬೇರೆ ರೀತಿಯದು. 2010ರ ಡಿಸೆಂಬರ್ 25ರಂದು ಮೇಯೋ ಕೌಂಟಿಯ ಸ್ಟ್ರೇಡ್ ಎಂಬಲ್ಲಿ ತಾಪಮಾನ ಸೊನ್ನೆಗಿಂತ 17.5 ಡಿಗ್ರಿ ಕೆಳಗಿಳಿದಿತ್ತು. ಚಳಿಯಲ್ಲಿ ದ್ರಾವಣ ಜಡವಾಗಿ ಒಳರೋಧ ಬಹಳ ಹೆಚ್ಚುತ್ತದೆ. ಬಳಸುವಾಗ ಬ್ಯಾಟರಿ ಸೋತಂತೆ ಕಾಣುವುದು ಇದಕ್ಕೇ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರಂತೂ ಅಯಾನುಗಳು ವಿದ್ಯುದಗ್ರದ ಒಳಗೆ ಸೇರಲಾರದೆ ಅದರ ಮೇಲೆಯೇ ಲೋಹವಾಗಿ ಶೇಖರವಾಗುತ್ತವೆ. ಇದರಿಂದ ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಒಳಗೆ ಶಾರ್ಟ್ ಸರ್ಕ್ಯೂಟ್ ಆಗುವ ಅಪಾಯವೂ ಉಂಟು. ಚಳಿಗಾಲದ ಬೆಳಗ್ಗೆ ಕೆಲವು ವಿದ್ಯುತ್ ಕಾರುಗಳು ಬ್ರೇಕಿನಿಂದ ಬರುವ ವಿದ್ಯುತ್ತನ್ನು ಸ್ವೀಕರಿಸಲು ಹಿಂಜರಿಯುವುದು, ವೇಗದ ಚಾರ್ಜಿಂಗಿಗೆ ಮೊದಲು ಬ್ಯಾಟರಿಯನ್ನು ತಾವೇ ಬೆಚ್ಚಗೆ ಮಾಡಿಕೊಳ್ಳುವುದು ಈ ಕಾರಣಕ್ಕೆ. ಕಾರಿನೊಳಗಿನ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಉಷ್ಣ ಮಾದರಿ ಸದಾ ಲೆಕ್ಕ ಹಾಕುತ್ತಾ, ಈಗ ಎಷ್ಟು ಪ್ರವಾಹ ಬಿಡಬಹುದು ಎಂದು ಹೇಳುತ್ತಿರುತ್ತದೆ.

ರಾಗಿ ಮುದ್ದೆಯ ಪಾಠ

ನಮ್ಮ ಸರಳ ಲೆಕ್ಕದಲ್ಲಿ ಸೆಲ್ಲಿಗೆ ಒಂದೇ ತಾಪಮಾನ ಎಂದು ಭಾವಿಸಿದ್ದೆವು. ಆದರೆ ಆಗತಾನೇ ಕಟ್ಟಿದ ರಾಗಿ ಮುದ್ದೆಯನ್ನು ನೆನೆಸಿಕೊಳ್ಳಿ. ಮೇಲೆ ಮುಟ್ಟಿದರೆ ಹದವಾಗಿದೆ ಎನಿಸುತ್ತದೆ, ಮುರಿದು ನಡುವೆ ಬೆರಳಿಟ್ಟರೆ ಸುಡುತ್ತದೆ. ಒಳಗಿನ ಬಿಸಿ ಮೇಲಕ್ಕೆ ಬರಲು ಸಮಯ ಬೇಕು. ಬ್ಯಾಟರಿಯ ಸೆಲ್ಲೂ ಹಾಗೆಯೇ. ಬಿಸಿ ಒಳಗೆಲ್ಲ ಹುಟ್ಟುತ್ತದೆ, ಹೊರಹೋಗುವುದು ಮಾತ್ರ ಮೈಯಿಂದ. ತಾಪಮಾನ ಅಳೆಯುವ ಸಾಧನವನ್ನು ಸಾಮಾನ್ಯವಾಗಿ ಮೈಗೆ ಅಂಟಿಸಿರುತ್ತಾರೆ. ಅದು ಹೊಟ್ಟೆಯ ಸಂಗತಿ ಹೇಳಲಾರದು. ಪ್ರವಾಹ ಒಮ್ಮೆಲೇ ಹೆಚ್ಚಿದಾಗ ಒಳಗೆ ಆಗುವ ಏರಿಕೆ ಮೈಮೇಲೆ ಕಾಣುವುದು ತಡವಾಗಿ.

ವಸ್ತುವಿನೊಳಗೆ ಶಾಖ ಹೇಗೆ ಹರಿಯುತ್ತದೆ ಎಂಬುದಕ್ಕೆ ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಮೀಕರಣವಿದೆ. ಸೆಲ್ಲನ್ನು ಮನಸ್ಸಿನಲ್ಲೇ ಸಾವಿರಾರು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡಿಗೂ ಪ್ರತ್ಯೇಕ ಜಮಾ-ಖರ್ಚು ಬರೆದು, ಒಂದರ ವೆಚ್ಚವನ್ನು ಪಕ್ಕದ್ದರ ಆದಾಯಕ್ಕೆ ಸೇರಿಸುತ್ತಾ ಹೋದರೆ ಹೊಟ್ಟೆಯ ತಾಪಮಾನವೂ ತಿಳಿಯುತ್ತದೆ. ಕೈಯಿಂದ ಇದು ಅಸಾಧ್ಯ, ಕಂಪ್ಯೂಟರಿಗೆ ಸಾಧ್ಯ. ಮೈಯ ತಾಪಮಾನವನ್ನು ಅಳೆದು, ಒಳಗಿನದನ್ನು ಲೆಕ್ಕದಿಂದ ತಿಳಿಯುವುದು ಮಾದರಿಯ ದೊಡ್ಡ ಉಪಯೋಗ.

ಲೆಕ್ಕ ಕೈತಪ್ಪಿದರೆ

ಸೆಲ್ಲಿನ ತಾಪಮಾನ ಸುಮಾರು 80ರಿಂದ 120 ಡಿಗ್ರಿಯ ನಡುವೆ ಬಂದಾಗ ಋಣ ವಿದ್ಯುದಗ್ರದ ಮೇಲಿರುವ ರಕ್ಷಣೆಯ ಪೊರೆ ಒಡೆಯತೊಡಗುತ್ತದೆ. ಆ ಕ್ರಿಯೆಯೇ ಬಿಸಿ ಹುಟ್ಟಿಸುತ್ತದೆ. ಸುಮಾರು 130 ಡಿಗ್ರಿಗೆ ನಡುವಿನ ಪ್ಲಾಸ್ಟಿಕ್ ಪರದೆ ಕರಗಬಹುದು. ಆಗ ಎರಡೂ ವಿದ್ಯುದಗ್ರಗಳು ಒಂದಕ್ಕೊಂದು ತಾಗಿ ಇನ್ನಷ್ಟು ಬಿಸಿ. ಅಲ್ಲಿಯವರೆಗೆ ಆದಾಯವನ್ನು ನಿರ್ಧರಿಸುತ್ತಿದ್ದುದು ನಾವು ತೆಗೆಯುವ ಪ್ರವಾಹ. ಸ್ವಿಚ್ ಆರಿಸಿದರೆ ನಿಲ್ಲುತ್ತಿತ್ತು. ಈಗ ಬಿಸಿಯೇ ಬಿಸಿಯನ್ನು ಹುಟ್ಟಿಸುತ್ತದೆ. ವೆಚ್ಚ ಮೆಟ್ಟಿಲು ಹತ್ತುವಂತೆ ಒಂದೊಂದಾಗಿ ಏರಿದರೆ, ಆದಾಯ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಆದಾಯ ಒಮ್ಮೆ ಮುಂದೆ ಹೋಯಿತೆಂದರೆ ವೆಚ್ಚ ಅದನ್ನು ಹಿಡಿಯಲಾರದು.

2013ರ ಜನವರಿ 7ರಂದು ಅಮೆರಿಕದ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 787 ವಿಮಾನವೊಂದರ ಬ್ಯಾಟರಿಯಲ್ಲಿ ಹೀಗೇ ಆಯಿತು. ಒಂದು ಸೆಲ್ಲಿನಲ್ಲಿ ಆರಂಭವಾದದ್ದು ಪಕ್ಕದ ಸೆಲ್ಲುಗಳಿಗೂ ಹಬ್ಬಿತು. ಕೆಲವೇ ದಿನಗಳಲ್ಲಿ ಜಪಾನಿನಲ್ಲೂ ಇಂತಹುದೇ ಘಟನೆ ನಡೆದು, ಆ ಮಾದರಿಯ ವಿಮಾನಗಳೆಲ್ಲ ತಿಂಗಳುಗಟ್ಟಲೆ ನೆಲದಲ್ಲೇ ನಿಂತವು. 2022ರಲ್ಲಿ ಭಾರತದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿ ನಿಮ್ಮ ಪೋಷಕರಿಗೆ ನೆನಪಿರಬಹುದು. ಅನಂತರ ಭಾರತ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿತು. ಒಂದು ಸೆಲ್ಲು ಕೆಟ್ಟರೂ ನೆರೆಯ ಸೆಲ್ಲು ಉಳಿಯುವಂತೆ ಎಷ್ಟು ಅಂತರ, ಎಂತಹ ತಡೆ ಬೇಕು ಎಂಬುದನ್ನು ನಿಜವಾದ ಬ್ಯಾಟರಿಯನ್ನು ಸುಟ್ಟು ನೋಡುವ ಮೊದಲು ಮಾದರಿಯಲ್ಲೇ ನೋಡಬಹುದು.

ಮನೆಯಲ್ಲಿ ನಾವೇನು ಮಾಡಬಹುದು?

ಐರ್ಲೆಂಡಿನಲ್ಲಿ 2024ರ ಮೇ 20ರಿಂದ 16 ವರ್ಷ ತುಂಬಿದವರು ರಸ್ತೆಯಲ್ಲಿ ಇ-ಸ್ಕೂಟರ್ ಓಡಿಸಬಹುದು ಎಂಬ ನಿಯಮ ಬಂದಿದೆ. ಅಂದಮೇಲೆ ದೊಡ್ಡ ಬ್ಯಾಟರಿಗಳು ಮನೆಯೊಳಗೆ ಬರುತ್ತಿವೆ. ಮೇಲಿನ ಲೆಕ್ಕದಿಂದಲೇ ಕೆಲವು ಕಿವಿಮಾತುಗಳು ಹೊರಡುತ್ತವೆ.

ಏರುದಾರಿಯಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಮೈ ತಣ್ಣಗಿದ್ದರೂ ಹೊಟ್ಟೆ ಬಿಸಿ ಇರಬಹುದು, ಅರ್ಧ ಗಂಟೆ ಬಿಡಿ. ಚಳಿಗಾಲದಲ್ಲಿ ಹೊರಗಿನ ಶೆಡ್ಡಿನಲ್ಲಿ ಮರಗಟ್ಟಿದ ಬ್ಯಾಟರಿಯನ್ನೂ ಹಾಗೆಯೇ ಚಾರ್ಜ್ ಮಾಡಬೇಡಿ. ಮೊದಲು ಕೋಣೆಯ ತಾಪಮಾನಕ್ಕೆ ಬರಲಿ. ಹಾಸಿಗೆ, ಸೋಫಾ, ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಿದರೆ ಆದಾಯ ಅಷ್ಟೇ ಇದ್ದು ವೆಚ್ಚದ ಬಾಗಿಲು ಮುಚ್ಚಿದಂತೆ. ಮೆಟ್ಟಿಲ ಕೆಳಗೆ ಅಥವಾ ಮುಂಬಾಗಿಲ ಬಳಿ ಚಾರ್ಜ್ ಮಾಡಿದರೆ, ಬೆಂಕಿ ಹತ್ತಿದಾಗ ನಾವು ಹೊರಗೆ ಓಡುವ ದಾರಿಯೇ ಮುಚ್ಚಿಹೋಗುತ್ತದೆ. ಎಲ್ಲರೂ ಮಲಗಿರುವಾಗ ಚಾರ್ಜ್ ಮಾಡುವುದನ್ನು ಬಿಡಿ. ಬ್ಯಾಟರಿಯ ಜೊತೆ ಬಂದ ಚಾರ್ಜರನ್ನೇ ಬಳಸಿ. ಉಬ್ಬಿದ, ಜಖಂಗೊಂಡ ಬ್ಯಾಟರಿಯನ್ನು ಕಸದ ತೊಟ್ಟಿಗಾಗಲಿ ಅಂಗಡಿಯ ಬ್ಯಾಟರಿ ಡಬ್ಬಕ್ಕಾಗಲಿ ಹಾಕದೆ ಮರುಬಳಕೆ ಕೇಂದ್ರದ ಸಿಬ್ಬಂದಿಗೆ ತಿಳಿಸಿ ಒಪ್ಪಿಸಿ.

ನೀವೇ ಮಾಡಿ ನೋಡಿ

ಬ್ಯಾಟರಿಯನ್ನು ಮುಟ್ಟದೆ ಉಷ್ಣ ಮಾದರಿ ಮಾಡುವ ಒಂದು ಪ್ರಯೋಗ ಇಲ್ಲಿದೆ. ಹಿರಿಯರ ಸಹಾಯದಿಂದ ಒಂದು ಲೋಟಕ್ಕೆ ಬಿಸಿನೀರು ಹಾಕಿ, ಅಡುಗೆಮನೆಯ ಥರ್ಮಾಮೀಟರಿನಿಂದ ಎರಡೆರಡು ನಿಮಿಷಕ್ಕೆ ತಾಪಮಾನ ಬರೆದುಕೊಳ್ಳಿ. ಅರ್ಧ ಗಂಟೆಯ ನಂತರ ಗ್ರಾಫ್ ಎಳೆಯಿರಿ. ಮೊದಲು ವೇಗವಾಗಿ ಇಳಿದು, ಆಮೇಲೆ ನಿಧಾನವಾಗುವ ವಕ್ರರೇಖೆ ಬರುತ್ತದೆ. ಈಗ ಲೋಟಕ್ಕೆ ಒಂದು ಉಣ್ಣೆಯ ಕಾಲುಚೀಲ ತೊಡಿಸಿ ಮತ್ತೆ ಮಾಡಿ. ಮೂರನೆಯ ಸಲ ಫ್ಯಾನಿನ ಮುಂದಿಟ್ಟು ಮಾಡಿ. ಮೂರು ರೇಖೆಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದರೆ ವೆಚ್ಚದ ದಾರಿ ಬದಲಾದಾಗ ತಾಪಮಾನ ಹೇಗೆ ಬದಲಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹಿರಿಯ ತರಗತಿಯವರು ಮೇಲೆ ಕೊಟ್ಟಿರುವ ಸೆಲ್ಲಿನ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ಅರುವತ್ತು ಸಾಲು ಮುಂದುವರಿಸಿ, ಪ್ರವಾಹವನ್ನು ತಮಗೆ ಬೇಕಾದಂತೆ ಬದಲಿಸಿ ನೋಡಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಹಣದ ವಿಷಯದಲ್ಲಿ. ಬ್ಯಾಟರಿಗೂ ಆ ಮಾತು ಸಲ್ಲುತ್ತದೆ: ಎಷ್ಟು ಬಿಸಿಯನ್ನು ಹೊರಹಾಕಬಲ್ಲದೋ ಅಷ್ಟೇ ಕೆಲಸ ಅದರಿಂದ ತೆಗೆಯಬೇಕು. ಆ ಮಿತಿ ಎಲ್ಲಿದೆ ಎಂದು ಬೆಂಕಿ ಬಿದ್ದ ಮೇಲೆ ತಿಳಿಯುವುದಕ್ಕಿಂತ ಕಾಗದದ ಮೇಲೆ ಮೊದಲೇ ತಿಳಿಯುವುದು ಮೇಲಲ್ಲವೇ?